ಮೈದಾನದ ಆಟಕ್ಕೆ ಯಾವ ಲೆನ್ಸ್: 70-200 ಅಥವಾ 70-300?
ಹುಬ್ಬಳ್ಳಿಯ ನೆಹರೂ ಮೈದಾನದಲ್ಲಾಗಲಿ, ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಾಗಲಿ ಹವ್ಯಾಸಕ್ಕೆಂದು ಆಟದ ಚಿತ್ರ ತೆಗೆಯಹೊರಟವರ ಮುಂದೆ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ: ಎಫ್/2.8ರ 70-200 ಮಿ.ಮೀ. ಲೆನ್ಸ್ ಮತ್ತು ಎಫ್/4-5.6ರ 70-300 ಮಿ.ಮೀ. ಲೆನ್ಸ್. ಮಿ.ಮೀ. ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಹೆಚ್ಚು ಬೆಳಕು ಬರುತ್ತದೆ.

ನಿಜವಾದ ವ್ಯತ್ಯಾಸವಿರುವುದು ಬೆಳಕಿನಲ್ಲಿ. ಓಡುವ ಆಟಗಾರನನ್ನು ಮಸುಕಾಗದಂತೆ ಹಿಡಿಯಲು ಶಟರ್ ವೇಗ ಸೆಕೆಂಡಿನ 1/1000 ಭಾಗದ ಆಸುಪಾಸಿನಲ್ಲಿರಬೇಕು. ಎಫ್/2.8ಕ್ಕೆ ಹೋಲಿಸಿದರೆ ಎಫ್/5.6ರಲ್ಲಿ ಒಳಬರುವ ಬೆಳಕು ಕಾಲು ಭಾಗ ಮಾತ್ರವಾದ್ದರಿಂದ, ಸಂಜೆಯ ಪಂದ್ಯದಲ್ಲಿ ಮೊದಲನೆಯ ಲೆನ್ಸಿಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600 ಸಾಕಾಗುವ ಕಡೆ ಎರಡನೆಯದಕ್ಕೆ 6400 ಬೇಕಾಗುತ್ತದೆ, ಚಿತ್ರದಲ್ಲಿ ಕಾಳುಕಾಳು ಎದ್ದು ಕಾಣುತ್ತದೆ. ಹಿಂದಿನ ಗೋಡೆ, ಬ್ಯಾನರು, ನಿಲ್ಲಿಸಿದ ಬೈಕುಗಳನ್ನು (ನಮ್ಮ ಮೈದಾನಗಳಲ್ಲಿ ಇವು ತಪ್ಪಿದ್ದಲ್ಲ) ಮಂಜಾಗಿಸುವುದರಲ್ಲಿಯೂ 2.8 ಮುಂದಿದೆ.

ದೂರದ ಮಾತು ಬೇರೆ. ಹಾಕಿ ಅಂಕಣದ ಉದ್ದ 91.4 ಮೀಟರ್, ಒಂದು ಗೋಲಿನ ಹಿಂದೆ ಕುಳಿತವನಿಗೆ ಎದುರಿನ ಗೋಲು 300 ಮಿ.ಮೀ.ನಲ್ಲಿಯೂ ಚಿಕ್ಕದಾಗಿಯೇ ಕಾಣುತ್ತದೆ. ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 200 ಸುಮಾರು 300ರಂತೆ ವರ್ತಿಸುವುದರಿಂದ, ಹತ್ತಿರ ಬಂದ ಆಟಕ್ಕೆ ಅದು ಸಾಲುತ್ತದೆ.

ಬೆಲೆ, ತೂಕ ಎರಡರಲ್ಲಿಯೂ 70-300 ಹಗುರ. ಬೆಳಗಿನ ಬಿಸಿಲಿನ ಪಂದ್ಯಗಳಷ್ಟೇ ನಿಮ್ಮ ಗುರಿಯಾಗಿದ್ದರೆ ಅದನ್ನೇ ಕೊಳ್ಳಿರಿ; ಸಂಜೆ ಐದೂವರೆಯ ನಂತರವೂ ಮೈದಾನ ಬಿಡದವರು ಹಳೆಯದಾದರೂ ಸರಿಯೇ, 2.8ರ ಲೆನ್ಸನ್ನು ಹುಡುಕುವುದು ಮೇಲು.