ಚೀಲ ಎಣಿಸುವ ಕೌಂಟರ್‌ಗೆ ಗೈಗರ್ ಟ್ಯೂಬ್ ಕಟ್ಟಿದ್ದು

ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ನನಗೆ ಇಪ್ಪತ್ತಾರು ವರ್ಷ. ನಮ್ಮ ಜಿಎಂ ಕೌಂಟರ್‌ಗೂ, ಅಂದರೆ ಗೈಗರ್-ಮ್ಯೂಲರ್ ಟ್ಯೂಬಿನಿಂದ ರೇಡಿಯೋಆಕ್ಟಿವ್ ಕಣಗಳನ್ನು ಎಣಿಸುವ ಯಂತ್ರಕ್ಕೂ, ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಕಣ ಬಿದ್ದಾಗ ಟ್ಯೂಬಿನಿಂದ ಒಂದು ವಿದ್ಯುತ್ ಮಿಡಿತ, ಅಂದರೆ ಪಲ್ಸು, ಹೊರಡುತ್ತದೆ; ಬೋರ್ಡು ಅದನ್ನು ಎಣಿಸುತ್ತದೆ. ಈ ವರ್ಷ ಮಳೆಗಾಲದಲ್ಲಿ ಅದರ ಡಿಸ್‌ಪ್ಲೇ ಆರಿಹೋಯಿತು. ಟ್ಯೂಬ್ ಚೆನ್ನಾಗಿದೆ, ಹೈ ವೋಲ್ಟೇಜೂ ಬರುತ್ತಿದೆ, ಎಣಿಸುವ ಬೋರ್ಡು ಮಾತ್ರ ಸತ್ತಿದೆ. ಸಪ್ಲೈಯರಿಗೆ ಫೋನ್ ಮಾಡಿದರೆ, ಆ ಬೋರ್ಡ್ ಈಗ ಬರುವುದಿಲ್ಲ, ಪೂರ್ತಿ ಸೆಟ್ಟೇ ತಗೊಳ್ಳಿ ಎಂದರು. ಕಳಿಸಿದ ಕೊಟೇಶನ್ನನ್ನು ಪ್ರಿನ್ಸಿಪಾಲರು ಒಮ್ಮೆ ನೋಡಿ ಡ್ರಾಯರ್‌ಗೆ ಹಾಕಿದರು. ರೇಡಿಯೋಆಕ್ಟಿವ್ ಸೋರ್ಸ್ ದೂರವಾದಂತೆ ಎಣಿಕೆ ಹೇಗೆ ಇಳಿಯುತ್ತದೆಂದು ನೋಡುವ ಇನ್ವರ್ಸ್ ಸ್ಕ್ವೇರ್ ಪ್ರಯೋಗಕ್ಕೆ ಮೂರು ವಾರ ಉಳಿದಿತ್ತು. ಹಾಗಾಗಿ ಬರೀ ಕೌಂಟರ್ ಒಂದನ್ನು ಹೊಂದಿಸುವ ಕೆಲಸ ನನ್ನ ತಲೆಗೆ ಬಂತು. ಕೈಯಿಂದ ದುಡ್ಡು ಹಾಕಿ ಮೂರು ದಾರಿ ಹಿಡಿದು ನೋಡಿದೆ. ಮೂರರ ಬಗ್ಗೆಯೂ ಬರೆಯುತ್ತೇನೆ, ಬೇರೆ ಲ್ಯಾಬಿನವರಿಗೆ ಉಪಯೋಗವಾದೀತು.

ಮೊದಲು ಹೋಗಿದ್ದು ಅಶೋಕ ರಸ್ತೆಯ ಹತ್ತಿರದ ಒಂದು ಪ್ಯಾನೆಲ್ ಬೋರ್ಡ್ ಅಂಗಡಿಗೆ. ರೈಸ್ ಮಿಲ್ಲು, ಮಂಡಕ್ಕಿ ಭಟ್ಟಿ, ಪ್ಯಾಕಿಂಗ್ ಶೆಡ್ಡು ಇರುವ ಊರು ನಮ್ಮದು; ಎಣಿಸುವ ಪೆಟ್ಟಿಗೆಗೆ ಇಲ್ಲಿ ಬರಗಾಲವಿಲ್ಲ. ಆರು ಕೆಂಪು ಅಂಕಿಯ, ಅಂಗೈಯಷ್ಟು ದೊಡ್ಡ ಟೋಟಲೈಸರ್ ತೋರಿಸಿದರು. 1,150 ರೂಪಾಯಿ.

“ಏನ್ ಎಣ್ಸಾಕ್ರಿ ಸರ?” ಎಂದರು.

“ಪಲ್ಸು. ಸೆಕೆಂಡಿಗೆ ಹತ್ತು ಬರಬಹುದು.”

“ಹತ್ತಾ? ಇದು ಮೂವತ್ತು ಎಣಿಸ್ತೈತ್ರಿ. ಚೀಲ, ಬಾಟ್ಲಿ ಏನ್ ಬೇಕಾದ್ರೂ ಹಾಕ್ರಿ.”

ಅವರು ಸುಳ್ಳು ಹೇಳಲಿಲ್ಲ. ಮೂವತ್ತರಲ್ಲಿ ಹತ್ತು ಸಲೀಸಾಗಿ ಹಿಡಿಸುತ್ತದೆ ಅಂದುಕೊಂಡದ್ದು ನಾನು. ಇಷ್ಟು ವರ್ಷ ರೇಡಿಯೋಆಕ್ಟಿವಿಟಿ ಪ್ರಯೋಗ ಮಾಡಿಸಿದವನು ಹಾಗೆ ಅಂದುಕೊಳ್ಳಬಾರದಿತ್ತು.

ಪೆಟ್ಟಿಗೆಯ ಮಟ್ಟಿಗೆ ಹೇಳುವುದಾದರೆ ತಕರಾರಿಲ್ಲ. ಟರ್ಮಿನಲ್ ಗಟ್ಟಿ, ರೀಸೆಟ್ ಬಟನ್ ಎಲ್ಲಿ ಒತ್ತಿದರೂ ಕೇಳುತ್ತದೆ, ಕೊನೇ ಬೆಂಚಿನಿಂದಲೂ ಅಂಕಿ ಕಾಣುತ್ತದೆ. ಗೈಗರ್ ಟ್ಯೂಬಿನ ಪಲ್ಸು ತೀರಾ ಗಿಡ್ಡ, ಒಂದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಅದನ್ನು ಈ ಪೆಟ್ಟಿಗೆ ಗಮನಿಸುವುದೇ ಇಲ್ಲ. ಅದಕ್ಕೆ ನಡುವೆ ಒಂದು 555 ಐಸಿ ಹಾಕಿ ಪಲ್ಸನ್ನು 17 ಮಿಲಿಸೆಕೆಂಡಿಗೆ ಹಿಗ್ಗಿಸಿದೆ. ಸಿಗ್ನಲ್ ಜನರೇಟರ್‌ನಿಂದ 25 ಹರ್ಟ್ಸ್, ಅಂದರೆ ಸೆಕೆಂಡಿಗೆ 25 ಪಲ್ಸು, ಕೊಟ್ಟು ನೂರು ಸೆಕೆಂಡು ಬಿಟ್ಟರೆ 2500 ತೋರಿಸಿತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಖುಷಿಯಾಗಿ ಮನೆಗೆ ಹೋಗಿ ಊಟ ಮಾಡಿ ಮಲಗಿದೆ.

ಮಾರನೇ ದಿನ ಹುಡುಗರು ಗ್ರಾಫ್ ತಂದರು. ದೂರ ಅರ್ಧವಾದರೆ ಎಣಿಕೆ ನಾಲ್ಕು ಪಟ್ಟಾಗಬೇಕು. ಎರಡು ಪಟ್ಟೂ ಆಗಿರಲಿಲ್ಲ. ಸೋರ್ಸ್ ಹತ್ತಿರ ತಂದಷ್ಟೂ ಗೆರೆ ಮಲಗುತ್ತಿತ್ತು. ಆಗ ಎರಡು ಸೋರ್ಸ್ ಇಟ್ಟು ಮಾಡುವ ಹಳೇ ಪರೀಕ್ಷೆ ಮಾಡಿದೆ. ಒಂದನ್ನು ಮಾತ್ರ ಇಟ್ಟು ನೂರು ಸೆಕೆಂಡಿಗೆ 724. ಇನ್ನೊಂದನ್ನು ಮಾತ್ರ ಇಟ್ಟರೆ 718. ಎರಡನ್ನೂ ಅಲುಗಾಡಿಸದೆ ಒಟ್ಟಿಗೆ ಇಟ್ಟರೆ ಸುಮಾರು 1400 ಬರಬೇಕು. ಬಂದದ್ದು 1066.

ಸಿಗ್ನಲ್ ಜನರೇಟರ್‌ನ ಪಲ್ಸುಗಳು ಶಾಲೆ ಮಕ್ಕಳ ಸಾಲಿನ ಹಾಗೆ, ಒಂದಕ್ಕೊಂದು ಅದೇ ಅಂತರ. ರೇಡಿಯೋಆಕ್ಟಿವ್ ಪಲ್ಸು ಹಾಗಲ್ಲ. ಮಂಡಕ್ಕಿ ಭಟ್ಟಿಯ ಮುಂದೆ ನಿಂತವರಿಗೆ ಗೊತ್ತು: ಕಾದ ಮರಳಿಗೆ ಅಕ್ಕಿ ಬಿದ್ದಾಗ ಒಮ್ಮೆ ಪಟಪಟ ಏಳೆಂಟು, ಆಮೇಲೆ ಒಂದು ಕ್ಷಣ ಸದ್ದೇ ಇಲ್ಲ. ಸೆಕೆಂಡಿಗೆ ಹತ್ತು ಎಂದರೆ ಸರಾಸರಿ ಅಂತರ 100 ಮಿಲಿಸೆಕೆಂಡು, ಆದರೆ ಅದು ಬರೀ ಸರಾಸರಿ. ನನ್ನ ಪೆಟ್ಟಿಗೆಗೆ 17 ಮಿಲಿಸೆಕೆಂಡು ಪಲ್ಸು, ಆಮೇಲೆ ಅಷ್ಟೇ ಹೊತ್ತು ಖಾಲಿ, ಒಟ್ಟು 34 ಬೇಕು. ಒಂದು ಪಲ್ಸು ಬಂದ 34 ಮಿಲಿಸೆಕೆಂಡಿನೊಳಗೇ ಇನ್ನೊಂದು ಬರುವ ಸಂಭವ ಲೆಕ್ಕ ಹಾಕಿದರೆ ನೂರಕ್ಕೆ 29. ಹೆಚ್ಚುಕಮ್ಮಿ ಅಷ್ಟು ಎಣಿಕೆಯನ್ನು ಪೆಟ್ಟಿಗೆ ನುಂಗುತ್ತಿತ್ತು. ಗರಿಷ್ಠ ವೇಗದ ಮೂರನೇ ಒಂದು ಭಾಗದಲ್ಲಿ ಓಡಿಸಿದಾಗಲೇ ಈ ಗತಿ.

ಪೆಟ್ಟಿಗೆಯ ಪಕ್ಕದಲ್ಲಿದ್ದ, ಎಣಿಸುವ ಗರಿಷ್ಠ ವೇಗ ಬದಲಿಸುವ ಸಣ್ಣ ಸ್ವಿಚ್ಚನ್ನು 1 ಕಿಲೋಹರ್ಟ್ಸ್‌ಗೆ ತಿರುಗಿಸಿ, 555ರ ಕೆಪಾಸಿಟರ್ ಬದಲಿಸಿ ಅರ್ಧ ಮಿಲಿಸೆಕೆಂಡಿಗೆ ಇಳಿಸಿದೆ. ಸೆಕೆಂಡಿಗೆ ಹತ್ತಕ್ಕೆ ಈಗ ನಷ್ಟ ನೂರಕ್ಕೆ ಒಂದೇ, ಅದು ಪರವಾಗಿಲ್ಲ. ಆದರೆ ಸೋರ್ಸನ್ನು ಟ್ಯೂಬಿನ ಬಾಯಿಗೆ ತಂದರೆ ಸೆಕೆಂಡಿಗೆ 300ರ ಹತ್ತಿರ ಬರುತ್ತದೆ, ಅಲ್ಲಿ ಮತ್ತೆ ಕಾಲು ಭಾಗ ಮಾಯ. ಗ್ರಾಫಿನ ಸೊಂಟ ಸ್ವಲ್ಪ ನೆಟ್ಟಗಾಯಿತು, ಕುತ್ತಿಗೆ ಬಾಗಿಯೇ ಇತ್ತು.

ಈ ಪೆಟ್ಟಿಗೆಯಲ್ಲಿ ಟೈಮರ್ ಇಲ್ಲ, ಮೊಬೈಲಿನ ಸ್ಟಾಪ್‌ವಾಚ್ ನೋಡಿಕೊಂಡು ಬರೆಯಬೇಕು. ಸ್ಟಾಫ್ ರೂಮಿನಲ್ಲಿ ಎಲ್ಲರೂ ತಪ್ಪು ಹಿಡಿದದ್ದು ಅದನ್ನೇ. ಅದು ಏನೂ ಅಲ್ಲ ಮಾರಾಯರೇ. 1000 ಎಣಿಕೆಗೆ ಅದರ ವರ್ಗಮೂಲ, ಅಂದರೆ 32ರಷ್ಟು ಏರುಪೇರು ಹೇಗೂ ಇರುತ್ತದೆ, ನೂರಕ್ಕೆ ಮೂರು. ಬೆರಳು ಕಾಲು ಸೆಕೆಂಡು ತಡವಾದರೆ ನೂರು ಸೆಕೆಂಡಿನಲ್ಲಿ ಅದು ಯಾವ ಲೆಕ್ಕ?

ಎರಡನೆಯದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂಗಿಯ ಮಗ ತಂದುಕೊಟ್ಟ ಫ್ರೀಕ್ವೆನ್ಸಿ ಕೌಂಟರ್ ಮಾಡ್ಯೂಲ್. ಎಂಟು ಅಂಕಿ, ಮೆಗಾಹರ್ಟ್ಸ್‌ಗಟ್ಟಲೆ ಅಳೆಯುತ್ತದಂತೆ. ನಮ್ಮ ಕೆಲಸಕ್ಕೆ ಶುದ್ಧ ದಂಡ. ಕಡಿಮೆ ವೇಗದಲ್ಲಿ ಅದು ಎಣಿಸುವುದಿಲ್ಲ. ಎರಡು ಪಲ್ಸಿನ ನಡುವಿನ ಹೊತ್ತು ಅಳೆದು, ಒಂದನ್ನು ಅದರಿಂದ ಭಾಗಿಸಿ ತೋರಿಸುತ್ತದೆ. ಅಳತೆಯಿಟ್ಟು ಬರುವ ಪಲ್ಸಿಗೆ ಅದು ಜಾಣ ಉಪಾಯ. ನಮ್ಮ ಟ್ಯೂಬ್ ಕಟ್ಟಿದರೆ ಒಮ್ಮೆ 3, ಮರುಕ್ಷಣ 410, ಆಮೇಲೆ 12. ಬರೆದುಕೊಳ್ಳಲು ಪೆನ್ನು ಹಿಡಿದ ಹುಡುಗಿ ಪೆನ್ನು ಕೆಳಗಿಟ್ಟಳು. ಒಟ್ಟು ಎಷ್ಟಾಯಿತು ಎಂದು ಹೇಳುವ ವ್ಯವಸ್ಥೆಯೇ ಅದರಲ್ಲಿಲ್ಲ.

ಕೊನೆಗೆ ನಾನೇ ಕಟ್ಟಿದೆ. ಅರ್ಡುಯಿನೊ ಊನೊ ಮಾದರಿಯ, ಪ್ರೋಗ್ರಾಮು ಹಾಕಬಹುದಾದ ಒಂದು ಸಣ್ಣ ಬೋರ್ಡು, ಎರಡು ಸಾಲಿನ ಎಲ್‌ಸಿಡಿ, ಒಂದು 74ಎಚ್‌ಸಿ14 ಐಸಿ, ಎರಡು ಬಟನ್, ಹಳೇ ಯುಪಿಎಸ್‌ನ ಡಬ್ಬಿ. ಎಲ್ಲ ಸೇರಿ ಸಾವಿರದೊಳಗೆ. ಅಂತರ್ಜಾಲದಲ್ಲಿ ಸಿಗುವ ಪ್ರೋಗ್ರಾಮುಗಳು ಬಹಳಷ್ಟು ಪ್ರತಿ ಪಲ್ಸಿಗೂ ಇಂಟರಪ್ಟ್ ಹಾಕಿ, ಅಂದರೆ ಚಿಪ್ಪಿನ ಬೇರೆ ಕೆಲಸ ಅರೆಕ್ಷಣ ನಿಲ್ಲಿಸಿ, ಎಣಿಸುತ್ತವೆ. ಗೈಗರ್ ಟ್ಯೂಬಿಗೆ ಅದೂ ಸಾಕು. ಆದರೆ ಇಂಟರಪ್ಟ್‌ಗಳು ತಡೆಹಿಡಿದಿರುವಾಗ ಎರಡು ಪಲ್ಸು ಬಂದರೆ ಚಿಪ್ಪು ಒಂದನ್ನೇ ನೆನಪಿಟ್ಟುಕೊಳ್ಳುತ್ತದೆ. ನಾನು ಐದನೇ ಪಿನ್ನಿಗೆ ಕೊಟ್ಟೆ. ಅದು ಚಿಪ್ಪಿನೊಳಗಿನ ಟೈಮರ್-1 ಎಂಬ ಎಣಿಸುವ ಭಾಗಕ್ಕೆ ನೇರ ಬಾಗಿಲು. ಪ್ರೋಗ್ರಾಮು ಎಲ್‌ಸಿಡಿಯಲ್ಲಿ ಏನೇ ಬರೆಯುತ್ತಿರಲಿ, ಎಣಿಕೆ ತನ್ನ ಪಾಡಿಗೆ ನಡೆದಿರುತ್ತದೆ. 65,535 ದಾಟಿದರೆ ಸೊನ್ನೆಗೆ ಬೀಳುತ್ತದೆ, ಎಷ್ಟು ಸಲ ಬಿತ್ತೆಂದು ಬೇರೆ ಗುರುತಿಡಬೇಕು. ಹೊತ್ತು ಮುಗಿದ ಕೂಡಲೇ ಮೊದಲು ಟೈಮರ್ ನಿಲ್ಲಿಸಿ, ಆಮೇಲೆ ಓದಬೇಕು. ಓಡುತ್ತಿರುವಾಗ ಓದಲು ಹೋಗಬೇಡಿ.

ಮೊದಲ ದಿನ 74ಎಚ್‌ಸಿ14 ಹಾಕಿರಲಿಲ್ಲ. ನೇರ ವೈರ್ ಎಳೆದು, ಸೋರ್ಸ್ ಇಲ್ಲದೆ ನಿಮಿಷ ನಿಮಿಷಕ್ಕೆ ಬ್ಯಾಕ್‌ಗ್ರೌಂಡ್, ಅಂದರೆ ಸುತ್ತಲಿನಿಂದ ಹೇಗೂ ಬರುವ ಎಣಿಕೆ, ಬರೆಯಿರಿ ಎಂದು ಹುಡುಗರಿಗೆ ಹೇಳಿ ಚಹಾಕ್ಕೆ ಹೋಗಿದ್ದೆ. ಬಂದಾಗ ಎರಡನೇ ವರ್ಷದ ಹುಡುಗಿಯೊಬ್ಬಳು ರೆಕಾರ್ಡ್ ಪುಸ್ತಕ ಮುಂದೆ ಹಿಡಿದಳು. 48, 56, 42, 60, 52, 46.

“ಸರ್, ಬೆಸ ಸಂಖ್ಯೆ ಬರ್ತಾನೇ ಇಲ್ಲ.”

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಆಮೇಲೆ ಆಸಿಲೋಸ್ಕೋಪ್ ಕಟ್ಟಿ ನೋಡಿದೆ. ಗೈಗರ್ ಪಲ್ಸು ಗಕ್ಕನೆ ಬೀಳುತ್ತದೆ, ಮೇಲೆ ಬರುವಾಗ ನಿಧಾನ, ಎತ್ತು ಏರು ಹತ್ತಿದ ಹಾಗೆ. ಆ ಏರಿನಲ್ಲಿ, ಸರಿಯಾಗಿ ಚಿಪ್ಪು ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಎತ್ತರದಲ್ಲಿ, ವೈರಿನ ಗದ್ದಲ ಸೇರಿ ಗೆರೆ ಒಮ್ಮೆ ನಡುಗುತ್ತಿತ್ತು. ಒಂದೇ ಪಲ್ಸನ್ನು ಚಿಪ್ಪು ಎರಡೆಂದು ಎಣಿಸುತ್ತಿತ್ತು. 74ಎಚ್‌ಸಿ14 ಶ್ಮಿಟ್ ಟ್ರಿಗರ್ ಐಸಿ. ಮೇಲೇರುವಾಗ ಒಂದು ಹೊಸ್ತಿಲು, ಇಳಿಯುವಾಗ ಸುಮಾರು ಒಂದು ವೋಲ್ಟ್ ಕೆಳಗೆ ಇನ್ನೊಂದು ಹೊಸ್ತಿಲು, ಸಣ್ಣ ನಡುಕಕ್ಕೆ ಅದು ಜಗ್ಗುವುದಿಲ್ಲ. ಹದಿನೈದು ರೂಪಾಯಿಯ ಆ ಐಸಿ ಹಾಕಿದ ಮೇಲೆ 23, 28, 19, 31, 25. ಆ ಹುಡುಗಿ ನೋಡದೆ ಹೋಗಿದ್ದರೆ ನಾನು ಆ ದುಪ್ಪಟ್ಟು ಲೆಕ್ಕದಲ್ಲೇ ಪರೀಕ್ಷೆ ಮುಗಿಸಿಬಿಡುತ್ತಿದ್ದೆ.

ಅಂದಿನಿಂದ ಯಾವ ಕೌಂಟರ್ ಬಂದರೂ ಒಂದೇ ಪರೀಕ್ಷೆ. ಅದೇ ಹೊತ್ತಿಗೆ ಐವತ್ತು ಸಲ ಎಣಿಸಿ, ಸರಾಸರಿ ಮತ್ತು ವೇರಿಯನ್ಸ್ (ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗದ ಸರಾಸರಿ) ತೆಗೆಯುವುದು. ಎರಡೂ ಹತ್ತಿರ ಹತ್ತಿರ ಇದ್ದರೆ ಸರಿ. ವೇರಿಯನ್ಸ್ ದುಪ್ಪಟ್ಟಾದರೆ ಒಂದನ್ನು ಎರಡು ಮಾಡುತ್ತಿದೆ. ತುಂಬಾ ಕಡಿಮೆಯಾದರೆ ನುಂಗುತ್ತಿದೆ. 1910ರಲ್ಲಿ ರುದರ್‌ಫರ್ಡ್ ಮತ್ತು ಗೈಗರ್ ಏಳೂವರೆ ಸೆಕೆಂಡಿನ 2,608 ತುಣುಕುಗಳಲ್ಲಿ 10,097 ಆಲ್ಫಾ ಕಣಗಳ ಮಿಂಚು ಎಣಿಸಿದ್ದರು. ಸರಾಸರಿ 3.87, ಆದರೂ 57 ತುಣುಕುಗಳಲ್ಲಿ ಒಂದೂ ಇಲ್ಲ. ಆ ಕೋಷ್ಟಕವನ್ನು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ.

ಎರಡು ಸೋರ್ಸಿನ ಪರೀಕ್ಷೆಯನ್ನು ಅದೇ ದೂರದಲ್ಲಿ ಹೊಸ ಡಬ್ಬಿಗೂ ಮಾಡಿದೆ. 1012, 981, ಒಟ್ಟಿಗೆ 1968. ಕೂಡಿಸಿದರೆ ಬರುವ 1993ರಲ್ಲಿ ಬ್ಯಾಕ್‌ಗ್ರೌಂಡ್ ಎರಡು ಸಲ ಸೇರಿದೆ, ಅದರ 40 ಕಳೆದರೆ 1953. ಹದಿನೈದರ ವ್ಯತ್ಯಾಸಕ್ಕೆ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಇದರಲ್ಲೂ ಕೊರತೆ ಇದೆ. ಈ ಮಾದರಿಯ ಬೋರ್ಡುಗಳಲ್ಲಿ ಎಣಿಸುವ ಚಿಪ್ಪಿಗೆ ಕ್ರಿಸ್ಟಲ್ ಬದಲು ಸೆರಾಮಿಕ್ ರೆಸೊನೇಟರ್ ಇರುವುದು ಹೆಚ್ಚು, ಅದರ ಗಡಿಯಾರ ನೂರಕ್ಕೆ ಅರ್ಧದಷ್ಟು ಆಚೀಚೆ ಆಗಬಹುದು. 40,000 ಎಣಿಕೆ ಆಗುವವರೆಗೆ ಅದು ಏರುಪೇರಿನೊಳಗೇ ಮುಚ್ಚಿಹೋಗುತ್ತದೆ. ಎಲ್‌ಸಿಡಿ ಕೊನೇ ಬೆಂಚಿಗೆ ಕಾಣುವುದಿಲ್ಲ. ಟ್ಯೂಬಿನದೇ ಆದ ಸತ್ತ ಹೊತ್ತು, ಅಂದರೆ ಒಂದು ಪಲ್ಸು ಕೊಟ್ಟ ಮೇಲೆ ಮುಂದಿನದನ್ನು ಗಮನಿಸಲಾಗದ ಡೆಡ್ ಟೈಮ್, ಯಾವ ಕೌಂಟರ್ ಹಾಕಿದರೂ ಇದ್ದೇ ಇರುತ್ತದೆ. ನೂರು ಮೈಕ್ರೊಸೆಕೆಂಡು ಎಂದಿಟ್ಟುಕೊಂಡರೆ ಸೆಕೆಂಡಿಗೆ 1000 ಕಂಡಲ್ಲಿ ನಿಜವಾಗಿ 1111 ಬಂದಿರುತ್ತವೆ. ಅದನ್ನು ಹುಡುಗರೇ ಲೆಕ್ಕ ಹಾಕಿ ತಿದ್ದಬೇಕು, ಪರೀಕ್ಷೆಯಲ್ಲಿ ಅದಕ್ಕೇ ಅಂಕ. ಕಟ್ಟುವವರು ಇನ್ನೊಂದು ನೆನಪಿಡಿ: ಟ್ಯೂಬಿಗೆ 400 ವೋಲ್ಟಿನ ಮೇಲೆ ಹೋಗುತ್ತಿರುತ್ತದೆ. ಪಲ್ಸು ಹೊರತರುವ ಕೆಪಾಸಿಟರ್ ಕನಿಷ್ಠ ಒಂದು ಕಿಲೋವೋಲ್ಟಿನದಿರಲಿ. ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಕೈ ಹಾಕಬೇಡಿ. ನನ್ನ ಬಲಗೈ ಹೆಬ್ಬೆರಳಿಗೆ ಇದು ಚೆನ್ನಾಗಿ ಗೊತ್ತು.

ಸಿಂಟಿಲೇಷನ್ ಡಿಟೆಕ್ಟರ್ (ಕಣ ಬಿದ್ದಾಗ ಹೊಮ್ಮುವ ಬೆಳಕಿನಿಂದ ಎಣಿಸುವ, ಗೈಗರ್ ಟ್ಯೂಬಿಗಿಂತ ಬಹಳ ವೇಗದ ಸಾಧನ) ಇರುವವರು ನನ್ನ ದಾರಿ ಹಿಡಿಯುವುದು ಬೇಡ, ರೆಡಿಮೇಡ್ ತಗೊಳ್ಳಿ. ತಗೊಳ್ಳುವಾಗ ಎಷ್ಟು ಅಂಕಿ, ಎಷ್ಟು ಮೆಗಾಹರ್ಟ್ಸ್ ಎಂದು ಕೇಳಿ ಸುಮ್ಮನಾಗಬೇಡಿ. ಎರಡು ಪಲ್ಸು ಎಷ್ಟು ಹತ್ತಿರ ಬರುವವರೆಗೆ ಬೇರೆ ಬೇರೆಯಾಗಿ ಎಣಿಸುತ್ತದೆ, ಹೇಳಿ ಎಂದು ಕೇಳಿ. ಮಾರುವವರು ತಡವರಿಸಿದರೆ ಚಹಾ ಕುಡಿದು ಎದ್ದು ಬನ್ನಿ.

ಪ್ಯಾನೆಲ್ ಅಂಗಡಿಯವರು ಟೋಟಲೈಸರ್ ವಾಪಸ್ ತಗೊಳ್ಳಲಿಲ್ಲ, ವೈರ್ ಬಿಚ್ಚಿದ ಮಾಲು ಎಂದರು. ನ್ಯಾಯವೇ. ಅದು ಈಗ ನನ್ನ ಷಡ್ಡಕನ ರೈಸ್ ಮಿಲ್ಲಿನಲ್ಲಿ ಚೀಲ ಎಣಿಸುತ್ತಿದೆ. ದೂರು ಬಂದಿಲ್ಲ.

ಸೋರ್ಸ್ ಕೈಗೆ ಕೊಟ್ಟರೆ ಹೆದರುವ ಮೊದಲ ವರ್ಷದವರಿಗೆ ಗೊಬ್ಬರದಂಗಡಿಯ ಕೆಂಪು ಪೊಟ್ಯಾಷ್ ತಂದಿಟ್ಟಿದ್ದೇನೆ. ಅದರ ಪೊಟ್ಯಾಸಿಯಮ್‌ನಲ್ಲಿ ನೂರಕ್ಕೆ 0.0117ರಷ್ಟು ರೇಡಿಯೋಆಕ್ಟಿವ್ ಆದ ಪೊಟ್ಯಾಸಿಯಮ್-40 ಇರುತ್ತದೆ, ಭತ್ತದ ಗದ್ದೆಗೆ ಎರಚುವ ಅದೇ ಮಾಲು. ಪಾಲಿಥಿನ್ ಚೀಲವನ್ನು ಟ್ಯೂಬಿಗೆ ಒತ್ತಿ ಹತ್ತು ನಿಮಿಷ ಬಿಟ್ಟೆವು. ಖಾಲಿ ಇದ್ದಾಗ 248, ಪೊಟ್ಯಾಷ್ ಇಟ್ಟಾಗ 431. ವ್ಯತ್ಯಾಸ 183, ಅದರ ಏರುಪೇರು 26. “ನಮ್ಮಪ್ಪ ಇದನ್ನ ಬರಿಗೈಲೇ ಎರಚ್ತಾರೆ ಸರ್” ಎಂದ ಹರಿಹರದ ಕಡೆಯ ಹುಡುಗ. ಒಳ್ಳೆಯದು, ಅವರನ್ನೂ ಒಮ್ಮೆ ಟ್ಯೂಬಿನ ಹತ್ತಿರ ಕರೆದುಕೊಂಡು ಬಾ, ಎಣಿಸೋಣ ಎಂದೆ. ಅವನ ಮೈಯಲ್ಲೂ ಪೊಟ್ಯಾಸಿಯಮ್ ಇದೆ ಎಂದು ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು.