ಪುಟ್ಟ ಪಿಸ್ತೂಲು: ಸೇಫ್ಟಿ ಲಿವರ್ ಬೇಕೋ ಬೇಡವೋ?

ಅಮೆರಿಕದಲ್ಲಿ ಕಾನೂನುಬದ್ಧವಾಗಿ ಪಿಸ್ತೂಲು ಜೊತೆಗಿಟ್ಟು ಓಡಾಡುವವರು ಕೊಳ್ಳುವಾಗ ತಲೆಕೆಡಿಸಿಕೊಳ್ಳುವ ವಿಷಯಗಳಲ್ಲಿ ಇದೂ ಒಂದು: ಗುಂಡು ತಪ್ಪಿ ಹಾರದಂತೆ ತಡೆಯುವ, ಹಾರಿಸಬೇಕಾದಾಗ ಹೆಬ್ಬೆರಳಿನಿಂದ ಇಳಿಸುವ ಸೇಫ್ಟಿ ಲಿವರ್ ಇರಬೇಕೇ?

ಗ್ಲಾಕ್ 43ಎಕ್ಸ್‌ನಲ್ಲಿ ಹೆಬ್ಬೆರಳಿನಿಂದ ಒತ್ತುವ ಲಿವರ್ ಇಲ್ಲ. ಟ್ರಿಗರ್ ಮಧ್ಯದ ಸಣ್ಣ ಪಟ್ಟಿ, ಗುಂಡಿನ ಹಿಂಬದಿಗೆ ಬಡಿಯುವ ಫೈರಿಂಗ್ ಪಿನ್‌ಗೆ ಇರುವ ತಡೆ, ಕೆಳಗೆ ಬಿದ್ದರೂ ಗುಂಡು ಹಾರದಂತೆ ನೋಡಿಕೊಳ್ಳುವ ತಡೆ, ಈ ಮೂರೂ ಟ್ರಿಗರ್ ಎಳೆದಾಗ ತಾವಾಗಿಯೇ ಬಿಡುತ್ತವೆ. ಗಾಬರಿಯಲ್ಲಿ ಮರೆಯುವಂಥದ್ದೇನೂ ಇಲ್ಲ, ಅದೇ ಇದರ ಬಲ. ಆದರೆ ಪಿಸ್ತೂಲು ಇಡುವ ಚೀಲವಾದ ಹೋಲ್ಸ್ಟರ್‌ಗೆ ಇಳಿಸುವಾಗ ಅಂಗಿಯ ಅಂಚು ಟ್ರಿಗರ್‌ಗೆ ಸಿಕ್ಕಿಕೊಂಡರೆ? ಬೆರಳು ಎಳೆಯಿತೋ ಬಟ್ಟೆ ಎಳೆಯಿತೋ, ಪಿಸ್ತೂಲಿಗೆ ತಿಳಿಯದು. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್ ಇಲ್ಲದೆ ಇದನ್ನು ಕೊಳ್ಳಲೇಬೇಡಿ.

ಸಿಗ್ ಪಿ365, ಸ್ಮಿತ್ ಅಂಡ್ ವೆಸನ್ ಶೀಲ್ಡ್ ಪ್ಲಸ್ ಲಿವರ್ ಇರುವ, ಇಲ್ಲದ ಎರಡೂ ಬಗೆಯಲ್ಲಿ ಸಿಗುತ್ತವೆ. ಲಿವರ್ ನಿಜಕ್ಕೂ ಕಾಯುವುದು ಒಳಗಿಡುವ ಆ ಕ್ಷಣದಲ್ಲೇ. ಪ್ರತಿಯಾಗಿ ಅದು ಅಭ್ಯಾಸ ಕೇಳುತ್ತದೆ: ಹೊರತೆಗೆಯುವಾಗೆಲ್ಲ ಹೆಬ್ಬೆರಳು ತಾನಾಗಿ ಅದನ್ನು ಇಳಿಸಬೇಕು.

ಅದೇ ಸ್ಮಿತ್ ಅಂಡ್ ವೆಸನ್ ಕಂಪನಿಯ ಶೀಲ್ಡ್ ಇಝೀ‌ನದು ಬೇರೆ ದಾರಿ. ಹಿಡಿಯ ಹಿಂಭಾಗದ ಪಟ್ಟಿಯನ್ನು ಅಂಗೈ ಒತ್ತದಿದ್ದರೆ ಗುಂಡು ಹಾರದು. ಗುಂಡು ತುಂಬಲು ಹಿಂದಕ್ಕೆಳೆಯುವ ಮೇಲ್ಭಾಗ, ಅಂದರೆ ಸ್ಲೈಡ್, ಎಳೆಯುವುದೂ ಹಗುರ, ಕೈಬಲ ಕಡಿಮೆ ಇರುವವರಿಗೆ ಅನುಕೂಲ. ಹಿಡಿತ ಸಡಿಲಾದರೆ ಮಾತ್ರ ಕೈಕೊಡಬಹುದು.

ಮೊದಲ ಪಿಸ್ತೂಲಾದರೆ, ಅದರಲ್ಲೂ ಸೊಂಟದ ಮುಂಭಾಗದಲ್ಲಿ ಇಡುವುದಾದರೆ, ಲಿವರ್ ಇರುವ ಪಿ365 ನನ್ನ ಆಯ್ಕೆ. ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ಇವುಗಳಲ್ಲಿ ಯಾವ ಸೇಫ್ಟಿಯನ್ನೂ ನಂಬಬೇಡಿ, ಬೀಗದ ಪೆಟ್ಟಿಗೆಯ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.