ಗೋಡೆಚಿತ್ರಗಳ ಮುಂದೆ ರಿಕೋ ಜಿಆರ್ 3

ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಸೇರಿ 257 ಗ್ರಾಂ ತೂಗುವ ರಿಕೋ ಜಿಆರ್ 3 ಮಾರುಕಟ್ಟೆಗೆ ಬಂದದ್ದು 2019ರಲ್ಲಿ. 24 ಮೆಗಾಪಿಕ್ಸೆಲ್‌ಗಳ ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್, ಅಂದರೆ ಹಳೆಯ 35 ಮಿಮೀ ಫಿಲ್ಮಿನ ಅಳತೆಗಿಂತ ಚಿಕ್ಕದು) ಇರುವ ಈ ಪುಟ್ಟ ಕ್ಯಾಮೆರಾಕ್ಕೆ ಇರುವುದು ಒಂದೇ ಲೆನ್ಸ್. ಅದನ್ನು ಬದಲಿಸುವಂತಿಲ್ಲ, ಜೂಮ್ ಕೂಡ ಇಲ್ಲ, ನೋಟದ ಅಗಲ ಫುಲ್ ಫ್ರೇಮ್ ಲೆಕ್ಕದಲ್ಲಿ 28 ಮಿಮೀ (ಈ ಅಂಕಿ ಕಿರಿದಾದಷ್ಟೂ ನೋಟ ಅಗಲ). ಬೀದಿಯಲ್ಲಿ ಓಡಾಡುವ ಜನರನ್ನು ಥಟ್ಟನೆ ಸೆರೆಹಿಡಿಯುವ ಚುರುಕುತನಕ್ಕಾಗಿ ಇದನ್ನು ಹೊಗಳುವವರು ಬಹಳ. ಆದರೆ ಅದೇ ಬೀದಿಯಲ್ಲಿ ಅಲುಗಾಡದೆ ನಿಂತ ಗೋಡೆಚಿತ್ರಗಳಿಗೆ ಮತ್ತು ಗ್ರಾಫಿಟಿಗೆ ಇದು ಎಷ್ಟು ಒದಗುತ್ತದೆ ಎಂಬುದನ್ನು ಯಾರೂ ಅಷ್ಟಾಗಿ ಚರ್ಚಿಸಿಲ್ಲ. ಬೆಂಗಳೂರಿನ ಗಲ್ಲಿಗಳಲ್ಲಿಯೂ ದೆಹಲಿಯ ಲೋಧಿ ಕಾಲೊನಿಯಲ್ಲಿಯೂ ಬಳಸಿದ ಮೇಲೆ, ಗೋಡೆಯ ಕೆಲಸಕ್ಕೇ ಇದು ಹೆಚ್ಚು ಹೊಂದುವ ಕ್ಯಾಮೆರಾ ಎಂಬ ಅಭಿಪ್ರಾಯ ನನ್ನದಾಗಿದೆ.

ಗೋಡೆಚಿತ್ರದ ಛಾಯಾಗ್ರಾಹಕನಿಗೆ ಎದುರಾಗುವ ಮೊದಲ ತೊಡಕು ಬೆಳಕಿನದ್ದಲ್ಲ, ಹಿಂದೆ ಸರಿಯಲು ಜಾಗವಿಲ್ಲದಿರುವುದು. ಇಪ್ಪತ್ತು ಅಡಿ ಅಗಲದ ರಸ್ತೆಯಲ್ಲಿ ಎದುರು ಮನೆಯ ಕಾಂಪೌಂಡಿಗೆ ಬೆನ್ನು ಹಚ್ಚಿ ನಿಂತರೂ ಗೋಡೆಗೂ ನಿಮಗೂ ನಡುವೆ ಉಳಿಯುವುದು ಹೆಚ್ಚೆಂದರೆ ಆರು ಮೀಟರ್. ಅಷ್ಟು ದೂರದಿಂದ 28 ಮಿಮೀ ಲೆನ್ಸ್ ಸುಮಾರು 7.7 ಮೀಟರ್ ಅಗಲದ ಚಿತ್ರವನ್ನು ಒಂದೇ ಚೌಕಟ್ಟಿನೊಳಗೆ ತರುತ್ತದೆ. ಇದರದೇ ಸೋದರ ಮಾದರಿಯಾದ, 40 ಮಿಮೀ ನೋಟದ ಜಿಆರ್ 3ಎಕ್ಸ್‌ಗೆ ಸಿಗುವುದು 5.4 ಮೀಟರ್ ಮಾತ್ರ. ಇನ್ನೂ ಕಿರಿದಾದ ಓಣಿಗಳಿಗೆ 21 ಮಿಮೀ ಆಗಿಸುವ ಪರಿವರ್ತಕ ಲೆನ್ಸ್ ಇದೆಯಾದರೂ ಅದನ್ನು ತಗುಲಿಸಿದರೆ ಕ್ಯಾಮೆರಾ ಜೇಬಿಗೆ ಹಿಡಿಸುವುದಿಲ್ಲ.

ಎತ್ತರದ ಚಿತ್ರಗಳದ್ದು ಬೇರೆಯೇ ಕಥೆ. ಎಲ್ಲರೂ ಮಾಡುವಂತೆ ಕ್ಯಾಮೆರಾವನ್ನು ಮೇಲಕ್ಕೆ ಓರೆಯಾಗಿಸಿದರೆ ಗೋಡೆ ಹಿಂದಕ್ಕೆ ವಾಲಿದಂತೆ ಕಾಣುತ್ತದೆ, ಕಲಾವಿದರು ಅಳೆದು ಬರೆದ ಮುಖದ ಹಣೆ ಕಿರಿದಾಗುತ್ತದೆ. ಸಾಫ್ಟ್‌ವೇರಿನಲ್ಲಿ ಅದನ್ನು ನೆಟ್ಟಗೆ ಮಾಡಬಹುದು. ಆದರೆ ಎಳೆದು ಹಿಗ್ಗಿಸಿದ ಮೇಲ್ಭಾಗದ ಸೂಕ್ಷ್ಮ ವಿವರಗಳು ಮಾಸುತ್ತವೆ. ನಾನು ಅನುಸರಿಸುವ ಕ್ರಮವೆಂದರೆ, ಕ್ಯಾಮೆರಾವನ್ನು ಲಂಬವಾಗಿ ಹಿಡಿದು, ಸೆನ್ಸರ್ ಗೋಡೆಗೆ ಸಮಾನಾಂತರವಾಗಿರುವಂತೆ ನೋಡಿಕೊಂಡು ಚಿತ್ರ ತೆಗೆದು, ಆಮೇಲೆ ಕೆಳಗಿನ ರಸ್ತೆಯನ್ನು ಕತ್ತರಿಸಿ ಬಿಡುವುದು. ಆರು ಮೀಟರ್ ದೂರದಲ್ಲಿ ಹೀಗೆ ನಿಂತರೆ ನೆಲದಿಂದ ಸುಮಾರು ಐದೂವರೆ ಮೀಟರ್ ಎತ್ತರದವರೆಗಿನ ಗೋಡೆ ನೆಟ್ಟಗೆ ಸಿಗುತ್ತದೆ, ಕತ್ತರಿಸಿದ ಮೇಲೂ ಹದಿನೇಳು ಮೆಗಾಪಿಕ್ಸೆಲ್‌ನಷ್ಟು ಚಿತ್ರ ಉಳಿಯುತ್ತದೆ. ಅಡ್ಡ ಓರೆಯನ್ನೂ ಹಿಂದು-ಮುಂದಿನ ವಾಲಿಕೆಯನ್ನೂ ತೆರೆಯ ಮೇಲೆ ತೋರಿಸುವ ಎಲೆಕ್ಟ್ರಾನಿಕ್ ಮಟ್ಟಸೂಚಿ ಇದರಲ್ಲಿರುವುದರಿಂದ ಈ ಕೆಲಸಕ್ಕೆ ಟ್ರೈಪಾಡ್ ಬೇಕಾಗುವುದಿಲ್ಲ. ಕೆಲವರಿಗೆ ಕ್ಷುಲ್ಲಕವೆನಿಸಬಹುದಾದ ಈ ಸೌಲಭ್ಯಕ್ಕೆ ನಾನು ಲೆನ್ಸಿಗೆ ಕೊಡುವಷ್ಟೇ ಅಂಕ ಕೊಡುತ್ತೇನೆ.

ಹತ್ತಿರದ ನೋಟದಲ್ಲಿ ಈ ಕ್ಯಾಮೆರಾ ಇನ್ನೂ ಖುಷಿ ಕೊಡುತ್ತದೆ. ಮ್ಯಾಕ್ರೊ ಸ್ಥಿತಿಯಲ್ಲಿ ಆರು ಸೆಂಟಿಮೀಟರ್‌ವರೆಗೂ ಗೋಡೆಯ ಸಮೀಪಕ್ಕೆ ಹೋಗಬಹುದು. ಸ್ಟೆನ್ಸಿಲ್ ಅಂಚಿನಿಂದ ಒಳಕ್ಕೆ ನುಸುಳಿದ ಸ್ಪ್ರೇ ಬಣ್ಣದ ಮಂಜು, ಡಬ್ಬಿಯನ್ನು ಅರೆಗಳಿಗೆ ಹೆಚ್ಚು ಹೊತ್ತು ಒತ್ತಿ ಹಿಡಿದಲ್ಲಿ ಇಳಿದ ಸೋರುಗೆರೆ, ಹೊಪ್ಪಳಿಕೆಯೆದ್ದ ಬಣ್ಣದ ಅಡಿಯಲ್ಲಿ ಹಳೆಯ ಸಿನಿಮಾ ಪೋಸ್ಟರಿನ ಅಂಟು, ಅದರ ಕೆಳಗೆ ಸುಣ್ಣ: ಇವೆಲ್ಲ ಲೆನ್ಸಿನ ಕಿಂಡಿಯನ್ನು ಎಫ್/5.6ಕ್ಕೆ ಇಟ್ಟಾಗ ಕೂದಲೆಳೆಯಷ್ಟು ಸ್ಪಷ್ಟವಾಗಿ ಮೂಡುತ್ತವೆ. ಹೊಳೆಯುವ ಗುಲಾಬಿ, ಕಿತ್ತಳೆಯಂಥ ಬಣ್ಣಗಳು ಜೆಪೆಗ್‌ನಲ್ಲಿ ಬೇಗ ಒಂದೇ ಮುದ್ದೆಯಾಗುವುದರಿಂದ, ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಇಡುವ ಡಿಎನ್‌ಜಿ ಕಡತವನ್ನೂ ಉಳಿಸಿಕೊಳ್ಳುವುದು ಒಳ್ಳೆಯದು. ಇನಾಮಲ್ ಬಣ್ಣದ ಪ್ರತಿಫಲನ ತಗ್ಗಿಸಲು ಪೋಲರೈಸರ್ ಹಾಕಬೇಕೆನ್ನುವವರು 49 ಮಿಮೀ ಫಿಲ್ಟರ್ ಹಿಡಿಯುವ ಅಡಾಪ್ಟರನ್ನು ಬೇರೆಯಾಗಿ ಕೊಳ್ಳಬೇಕು. ನನ್ನ ಮಟ್ಟಿಗೆ ಮೋಡ ಕವಿದ ದಿನಕ್ಕಾಗಿ ಕಾಯುವುದೇ ಅಗ್ಗ.

ಲೋಧಿ ಕಾಲೊನಿಯಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬ್ರಿಟಿಷರು 1940ರ ದಶಕದಲ್ಲಿ ಕಟ್ಟಿದ ಸರ್ಕಾರಿ ವಸತಿಗೃಹಗಳ ಹೊರಗೋಡೆಗಳ ಮೇಲೆ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನ 2015ರಿಂದ ದೇಶವಿದೇಶಗಳ ಕಲಾವಿದರಿಂದ ಬರೆಸುತ್ತ ಬಂದ ಬೃಹತ್ ಚಿತ್ರಗಳು ಅಲ್ಲಿವೆ. ರಸ್ತೆಗಳು ವಿಶಾಲವಾಗಿರುವುದರಿಂದ 28 ಮಿಮೀ ನೋಟದಲ್ಲಿ ಚಿತ್ರಕ್ಕಿಂತ ಡಾಂಬರು, ನಿಲ್ಲಿಸಿದ ಕಾರುಗಳು ಮತ್ತು ಮರಗಳ ನೆರಳೇ ಹೆಚ್ಚು ತುಂಬಿಕೊಳ್ಳುತ್ತವೆ. ಕಾರು ಅಡ್ಡವಿದ್ದಾಗ ಅದಕ್ಕೂ ಗೋಡೆಗೂ ನಡುವೆ ನುಸುಳಿ ನಿಲ್ಲಲು ಅಗಲದ ಲೆನ್ಸ್ ನೆರವಾಗುತ್ತದೆ ಎಂಬುದು ನಿಜ. ಕ್ಯಾಮೆರಾದೊಳಗೇ 50 ಮಿಮೀ ನೋಟಕ್ಕೆ ಕತ್ತರಿಸುವ ಸೌಲಭ್ಯವೂ ಇದೆ, ಆದರೆ ಆಗ ಉಳಿಯುವುದು ಏಳು ಮೆಗಾಪಿಕ್ಸೆಲ್. ಫೋನಿನಲ್ಲಿ ನೋಡಲು ಸಾಕು, ಮೂರಡಿ ಅಗಲದ ಮುದ್ರಣಕ್ಕೆ ಸಾಲದು.

ಅಂಥ ಮುದ್ರಣವನ್ನು ಮಾರುವ ಯೋಚನೆ ಇರುವವರು ಒಂದು ವಿಷಯವನ್ನು ಗಮನಿಸಬೇಕು. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿರುವ ಶಿಲ್ಪದ ಛಾಯಾಚಿತ್ರವನ್ನು ಪ್ರಕಟಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ, ಕಟ್ಟಡಕ್ಕೂ ಕೊಡುತ್ತದೆ. ವರ್ಣಚಿತ್ರವನ್ನು ಆ ವಿನಾಯಿತಿಯಲ್ಲಿ ಹೆಸರಿಸಿಲ್ಲ. ಕಲಾವಿದರ ಒಪ್ಪಿಗೆ ಪಡೆಯುವುದೇ ಸರಿಯಾದ ದಾರಿ.

ಕೊರತೆಗಳೂ ಇವೆ. ಒಮ್ಮೆ ಚಾರ್ಜ್ ಮಾಡಿದ ಬ್ಯಾಟರಿಗೆ ಕಂಪನಿಯೇ ಹೇಳುವುದು ಸುಮಾರು 200 ಚಿತ್ರಗಳು, ಆದ್ದರಿಂದ ಒಂದು ಬೆಳಗಿನ ಸುತ್ತಾಟಕ್ಕೂ ಎರಡನೆಯ ಬ್ಯಾಟರಿ ಜೊತೆಗಿರಬೇಕು. ವ್ಯೂಫೈಂಡರ್ ಇಲ್ಲ, ತೆರೆ ಮಡಚುವುದಿಲ್ಲ. ಮಟಮಟ ಮಧ್ಯಾಹ್ನ ಅಂದಾಜಿನ ಮೇಲೆಯೇ ಕೆಲಸ ನಡೆಯುತ್ತದೆ. ಧೂಳು ಮತ್ತು ನೀರಿನಿಂದ ರಕ್ಷಣೆಯೂ ಇಲ್ಲದ್ದರಿಂದ ನಮ್ಮ ಊರಿನ ರಸ್ತೆಗಳಲ್ಲಿ ಬರಿ ಜೇಬಿಗಿಂತ ಒಂದು ಬಟ್ಟೆ ಚೀಲ ವಾಸಿ.

ಇಷ್ಟಾದರೂ ದೊಡ್ಡ ಕ್ಯಾಮೆರಾಕ್ಕೆ ನಾನು ಮರಳದಿರಲು ಕಾರಣ, ಈ ಕಲೆ ನಾಳೆಗೆ ಉಳಿಯುವ ಖಾತರಿ ಇಲ್ಲದಿರುವುದು. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಇಟ್ಟ ಮೊಸಳೆಯ ಪ್ರತಿಕೃತಿ ಈಗ ಫೋಟೊಗಳಲ್ಲಿ ಮಾತ್ರ ಇದೆ. ಹಾಲು ತರಲು ಹೊರಟಾಗಲೂ ಜೊತೆಗಿರುವ ಕ್ಯಾಮೆರಾಕ್ಕಷ್ಟೇ ಅಂಥವು ದಕ್ಕುತ್ತವೆ. ಕಿರಿದಾದ ಬಡಾವಣೆಗಳಲ್ಲಿ ಸುತ್ತುವವರು ಜಿಆರ್ 3 ಕೊಳ್ಳಲಿ, ಅಗಲ ರಸ್ತೆಗಳ ಊರಿನವರು 3ಎಕ್ಸ್ ನೋಡಲಿ. 2025ರಲ್ಲಿ ಬಂದ ಜಿಆರ್ 4ರಲ್ಲಿಯೂ ನೋಟ ಅದೇ 28 ಮಿಮೀ ಆಗಿರುವುದರಿಂದ, ಗೋಡೆಗಳ ಕೆಲಸಕ್ಕಷ್ಟೇ ಬೇಕೆನ್ನುವವರು ಸುಸ್ಥಿತಿಯಲ್ಲಿರುವ ಹಳೆಯ ಜಿಆರ್ 3 ಸಿಕ್ಕರೆ ಬಿಡಬೇಕಾಗಿಲ್ಲ.